ಕೈ ಪಲ್ಪರ್ ಹೊಂದಿಸುವುದು ಹೇಗೆ: ಸಣ್ಣ ತೋಟದವರಿಗೆ

ಮಡಿಕೇರಿ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ಶುರುವಾದದ್ದು 1854ರಲ್ಲಿ. ಅಂಥ ದೊಡ್ಡ ತೋಟಗಳ ಯಂತ್ರವಾಗಿದ್ದ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಈಗ ಎರಡೆಕರೆಯವರ ಅಂಗಳದಲ್ಲೂ ಇದೆ. ಕೊಯ್ಲಿನ ಕಾಲದ ದಿನಚರಿಯನ್ನೇ ಅದು ತಿರುಗಿಸಿಬಿಟ್ಟಿದೆ. ಸಿಪ್ಪೆ ಸಮೇತ ಹರವಿದ ಹಣ್ಣು ಒಣಗಲು ಎರಡು ವಾರ ಬೇಕು, ಮೋಡವಿದ್ದರೆ ಇನ್ನೂ ಹೆಚ್ಚು. ಸಿಪ್ಪೆ ಬಿಡಿಸಿದ ಪಾರ್ಚ್‌ಮೆಂಟಿಗೆ, ಅಂದರೆ ತೆಳು ಹೊರಪದರ ಉಳಿದಿರುವ ಬೀಜಕ್ಕೆ, ಏಳರಿಂದ ಹತ್ತು ದಿನ ಸಾಕು. ಹುತ್ತರಿ ಕಳೆದ ಮೇಲೂ ಮಳೆ ಬರುವ ನಮ್ಮ ಕಡೆ ಈ ಕೆಲವು ದಿನಗಳ ಉಳಿತಾಯ ಸಣ್ಣದಲ್ಲ. ಆದರೆ ಕಣ ಕಾಯುವ ಕೆಲಸ ತಗ್ಗಿದಷ್ಟೂ ಸಂಜೆಯ ಕೆಲಸ ಏರಿತು: ಇವತ್ತು ಕೊಯ್ದ ಹಣ್ಣು ಇವತ್ತೇ ಯಂತ್ರಕ್ಕೆ ಬೀಳಬೇಕು. ರಾತ್ರಿಯಿಡೀ ಚೀಲದಲ್ಲಿ ಬಿಟ್ಟರೆ ಹಣ್ಣು ಬಿಸಿಯಾಗಿ ಹುಳಿಯುತ್ತದೆ.

ಮೊದಲು ಹಣ್ಣನ್ನು ನೀರಿಗೆ ಸುರಿಯಿರಿ. ಜೊಳ್ಳು, ಕಾಯಿಕೊರಕ ತಿಂದದ್ದು ತೇಲುತ್ತವೆ. ಅವನ್ನು ತೆಗೆದು ಬೇರೆಯಾಗಿ ಒಣಗಿಸಿ. ಹಸಿರುಕಾಯಿ ಆರಿಸಿ ತೆಗೆಯಲೇಬೇಕು, ಅದರ ಸಿಪ್ಪೆ ಬಿಡುವುದಿಲ್ಲ.

ಇಡೀ ಕೆಲಸದ ಜೀವ ಇರುವುದು ಯಂತ್ರದ ಅಂತರದಲ್ಲಿ. ಉಬ್ಬುಗಳಿರುವ ತಾಮ್ರದ ತಗಡು ಸುತ್ತಿದ ಡ್ರಮ್ಮು, ಅದರೆದುರು ಗಟ್ಟಿ ತಗಡು. ಎರಡರ ನಡುವಿನ ಸಂದನ್ನು ಎರಡೂ ಬದಿಯ ಬೋಲ್ಟಿನಿಂದ ಒಂದೇ ಸಮ ಹೊಂದಿಸಬೇಕು. ನೀರು ಬಿಟ್ಟು ಎರಡು ಹಿಡಿ ಹಣ್ಣು ಹಾಕಿ ತಿರುಗಿಸಿ, ಹೊರಬಂದದ್ದನ್ನು ಅಂಗೈಯಲ್ಲಿ ಹಿಡಿದು ನೋಡಿ. ಇಡೀ ಹಣ್ಣೇ ಬಂದರೆ ಸಂದು ಹೆಚ್ಚಾಯಿತು. ಬೀಜದ ಅಂಚು ಚಿವುಟಿದಂತೆ ಕತ್ತರಿಸಿದ್ದರೆ ಬಿಗಿಯಾಯಿತು. ಆ ಗಾಯ ಮರುದಿನಕ್ಕೆ ಕಪ್ಪಾಗುತ್ತದೆ, ಬಟ್ಟಲಿನಲ್ಲಿ ಕೆಟ್ಟ ರುಚಿ ಕೊಡುತ್ತದೆ. ಸಂಶಯವಿದ್ದಾಗ ಸಂದು ತುಸು ಹೆಚ್ಚೇ ಇರಲಿ. ಬಿಡದ ಹಣ್ಣನ್ನು ಆರಿಸಿ ಇನ್ನೊಮ್ಮೆ ಹಾಕಬಹುದು, ಕತ್ತರಿಸಿದ ಬೀಜ ಕೂಡಿಕೊಳ್ಳುವುದಿಲ್ಲ. ರೊಬಸ್ಟಾ ಹಣ್ಣು ಸಣ್ಣದು. ಅರೇಬಿಕಾಕ್ಕೆ ಹೊಂದಿಸಿದ ಸಂದು ಅದಕ್ಕೆ ಆಗದು. ಹೊಂದಿಸಿದರೂ ಹಣ್ಣು ಜಾರುತ್ತಿದ್ದರೆ ತಾಮ್ರದ ಉಬ್ಬು ಸವೆದಿದೆ ಎಂದರ್ಥ, ತಗಡು ಬದಲಿಸಿ.

ಬಿಡಿಸಿದ ಬೀಜವನ್ನು ತೊಟ್ಟಿಯಲ್ಲಿ ಲೋಳೆ ಕರಗಲು ಬಿಡಿ. ಅರೇಬಿಕಾಕ್ಕೆ 24ರಿಂದ 36 ಗಂಟೆ. ರೊಬಸ್ಟಾದ ಲೋಳೆ ದಪ್ಪ, 72 ಗಂಟೆವರೆಗೂ ಹಿಡಿಯಬಹುದು. ಗಡಿಯಾರಕ್ಕಿಂತ ಕೈ ನಂಬಿ: ತೊಳೆದು ಉಜ್ಜಿದಾಗ ಜಾರದೆ ಮರಳಿನಂತೆ ಒರಟಾಗಿ ಸದ್ದು ಮಾಡಿದರೆ ಆಯಿತು. ಕೂಡಲೇ ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ತಡವಾದರೆ ಹುಳಿ ವಾಸನೆ ಹಿಡಿಯುತ್ತದೆ, ಅದು ಮತ್ತೆ ಹೋಗುವುದಿಲ್ಲ.

ಯಂತ್ರವನ್ನು ಅದೇ ರಾತ್ರಿ ತೊಳೆಯಿರಿ. ಸಂದಿನಲ್ಲಿ ಸಿಕ್ಕಿಕೊಂಡ ನಿನ್ನೆಯ ಹತ್ತು ಬೀಜ ಕೊಳೆತು ಇವತ್ತಿನ ರಾಶಿಗೆ ಸೇರಿದರೆ ಅದರ ನಾತ ಇಡೀ ಚೀಲಕ್ಕೆ ಬರುತ್ತದೆ.

ತೊಳೆದ ನೀರು ಹುಳಿ. ದಯವಿಟ್ಟು ತೋಡಿಗೆ ಬಿಡಬೇಡಿ. ಆ ತೋಡು ಕಾವೇರಿಗೇ ಹೋಗುವುದು, ಕೆಳಗಿನ ಊರಿನವರು ಕುಡಿಯುವುದೂ ಅದನ್ನೇ. ಗುಂಡಿಯಲ್ಲಿ ನಿಲ್ಲಿಸಿ ಸುಣ್ಣ ಹಾಕಿ. ಸಿಪ್ಪೆಯನ್ನು ಸಗಣಿಯೊಂದಿಗೆ ಗೊಬ್ಬರದ ಗುಂಡಿಗೆ ಸೇರಿಸಿ.

ಒಣಗಿಸುವಾಗ ಬರಿ ಮಣ್ಣು ಬೇಡ, ಮಣ್ಣಿನ ವಾಸನೆ ಅಂಟುತ್ತದೆ. ಮೊದಲ ದಿನ ನೀರು ಬಸಿಯಲಿ, ನೆತ್ತಿಯ ಬಿಸಿಲು ತಾಗಿಸಬೇಡಿ, ಹೊರಪದರ ಬಿರಿಯುತ್ತದೆ. ಆಮೇಲೆ ಗಂಟೆಗೊಮ್ಮೆ ಕೆದಕಿ, ಸಂಜೆ ಮಂಜು ಇಳಿಯುವ ಮುಂಚೆ ಟಾರ್ಪಾಲು ಹೊದಿಸಿ. ತೇವ 10 ಶೇಕಡಕ್ಕೆ ಬರಬೇಕು. 100 ಕೆಜಿ ಅರೇಬಿಕಾ ಹಣ್ಣಿಗೆ ಸುಮಾರು 20 ಕೆಜಿ ಪಾರ್ಚ್‌ಮೆಂಟ್ ಸಿಗುತ್ತದೆ. ಚೀಲವನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ರಸಗೊಬ್ಬರ ಇಟ್ಟ ಕೋಣೆಯಲ್ಲಿ ಮಾತ್ರ ಬೇಡ.