ಹೇನನ್ನೂ ನೌಕೆಗೆ ಹತ್ತಿಸಿ: ಕಥೆಯ ಗ್ಯಾಲಕ್ಸಿಯಲ್ಲಿ ಜೀವಿಗಳನ್ನು ಉಳಿಸುವ ಬಗೆ

ಸೈನ್ಸ್ ಫಿಕ್ಷನ್ ಬರೆಯುವವರಿಗೆ ಗ್ಯಾಲಕ್ಸಿ ನಾಶ ಮಾಡುವುದು ಸುಲಭ. ಒಂದು ಸಾಲು ಸಾಕು. ಕಷ್ಟ ಶುರುವಾಗುವುದು ಎರಡನೇ ಸಾಲಿನಲ್ಲಿ. ಅಲ್ಲಿದ್ದ ಜೀವಿಗಳನ್ನು ಯಾರು, ಹೇಗೆ, ಎಲ್ಲಿಗೆ ಸಾಗಿಸಿದರು? ನಾನು ಮೊದಲ ಸಲ ಇಂಥ ಕಥೆ ಬರೆದಾಗ ಪ್ರತಿ ಪ್ರಾಣಿಗೂ ಒಂದೊಂದು ಜೋಡಿ ಅಂತ ಲೆಕ್ಕ ಹಾಕಿ ನೌಕೆ ತುಂಬಿಸಿದ್ದೆ. ಓದಿದ ಗೆಳೆಯ ಕೇಳಿದ್ದು ಒಂದೇ ಪ್ರಶ್ನೆ: ‘ಇಳಿದ ಮೊದಲ ದಿನ ಹುಲಿ ಏನು ತಿನ್ನುತ್ತೆ? ಜಿಂಕೆ ಜೋಡೀನಾ?’ ಕಥೆ ಅಲ್ಲಿಗೇ ನಿಂತಿತು. ಆಮೇಲೆ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಕೈಯಲ್ಲಿ ಎಷ್ಟು ಟೈಮ್ ಇದೆ?

ಮೊದಲು ವಿಪತ್ತು ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಒಂದು ಸೂಪರ್‌ನೋವಾ, ಅಂದರೆ ಸಾಯುವ ನಕ್ಷತ್ರ, ಸಿಡಿದರೆ ಇಡೀ ಗ್ಯಾಲಕ್ಸಿ ಸಾಯುವುದಿಲ್ಲ. ಅದರ ನಿಜವಾದ ಏಟು ಕೆಲವು ಹತ್ತು ಜ್ಯೋತಿರ್ವರ್ಷಗಳ ಆಸುಪಾಸಿಗೆ ಮಾತ್ರ. ನಮ್ಮ ಕ್ಷೀರಪಥದ ಅಗಲವೇ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಇನ್ನೊಂದು ತೊಡಕಿದೆ. ಆ ಸಿಡಿತದಿಂದ ಹೊಮ್ಮುವ ಗಾಮಾ ಕಿರಣಗಳು ಬೆಳಕಿನ ವೇಗದಲ್ಲೇ ಬರುತ್ತವೆ. ಅಂದರೆ ಸುದ್ದಿ ಮತ್ತು ಸಾವು ಒಟ್ಟಿಗೇ ಬಾಗಿಲು ತಟ್ಟುತ್ತವೆ. ನಿಮ್ಮ ಕಥೆಯವರಿಗೆ ಬೆಳಕಿಗಿಂತ ಜೋರಾಗಿ ಓಡುವ ನೌಕೆ ಇದ್ದರಷ್ಟೇ ಅವರು ಮುಂಚೆ ತಲುಪಿ ‘ಎದ್ದೇಳಿ’ ಅನ್ನಬಹುದು.

ಅಂಥ ನೌಕೆ ಇಲ್ಲವಾ? ಹಾಗಾದರೆ ಲೆಕ್ಕ ಭಯಂಕರ. ನಾಸಾದ ವಾಯೇಜರ್ 1 ನೌಕೆ ಸೆಕೆಂಡಿಗೆ ಸುಮಾರು 17 ಕಿ.ಮೀ. ಓಡುತ್ತಿದೆ. ಆ ವೇಗದಲ್ಲಿ ಹೋದರೆ ಸೂರ್ಯನಿಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ತಲುಪಲು ಸುಮಾರು 75,000 ವರ್ಷ ಬೇಕು. ಜೀವಿಗಳನ್ನು ಬದುಕಿದ್ದಂತೆ ಒಯ್ಯಬೇಕೋ, ಹೆಪ್ಪುಗಟ್ಟಿಸಬೇಕೋ ಎನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಹೆಜ್ಜೆ 2: ಜೋಡಿ ಸಾಲದು

ಇದಕ್ಕೆ ಕಪ್ಪು ಕಾಲಿನ ಫೆರೆಟ್ ಕಥೆ ಕೇಳಬೇಕು. ಉತ್ತರ ಅಮೆರಿಕದ ಈ ಪುಟ್ಟ ಬೇಟೆಗಾರ ಮುಗಿದೇ ಹೋಯಿತು ಅಂತ ಎಲ್ಲರೂ ಕೈಬಿಟ್ಟಿದ್ದರು. 1981ರಲ್ಲಿ ವ್ಯೋಮಿಂಗ್‌ನ ಒಂದು ಸಾಕುನಾಯಿ ಸತ್ತ ಫೆರೆಟ್ ಒಂದನ್ನು ಮನೆಗೆ ತಂದಿತು! ಹುಡುಕಿದರೆ ಪಕ್ಕದಲ್ಲೇ ಒಂದು ಗುಂಪಿತ್ತು. ರೋಗ ಬಂದು ಅದೂ ಕರಗತೊಡಗಿತು. 1987ರ ಹೊತ್ತಿಗೆ ಹಿಡಿದು ತಂದ 18ರಲ್ಲಿ ವಂಶ ಮುಂದುವರಿಸಿದ್ದು ಬರೀ 7. ಇವತ್ತಿನ ಫೆರೆಟ್‌ಗಳು ಹೆಚ್ಚುಕಮ್ಮಿ ಎಲ್ಲವೂ ಆ ಏಳರ ಸಂತತಿ, ಒಬ್ಬರಿಗೊಬ್ಬರು ದಾಯಾದಿಗಳು.

ಆದರೆ 1988ರಲ್ಲಿ ಯಾರೋ ಪುಣ್ಯಾತ್ಮರು ವಿಲ್ಲಾ ಎಂಬ ಹೆಣ್ಣು ಫೆರೆಟ್‌ನ ಕೋಶಗಳನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದರು. ಅವಳ ವಂಶ ಮುಂದುವರಿದಿರಲಿಲ್ಲ. ಆ ಕೋಶದಿಂದ 2020ರಲ್ಲಿ ಎಲಿಜಬೆತ್ ಆನ್ ಎಂಬ ತದ್ರೂಪಿ (ಕ್ಲೋನ್) ಹುಟ್ಟಿತು. ಅದೇ ಕೋಶಗಳಿಂದ ಬಂದ ಇನ್ನೊಂದು ತದ್ರೂಪಿ 2024ರಲ್ಲಿ ಮರಿಯನ್ನೂ ಹಾಕಿತು. ಸತ್ತು ಮೂರು ದಶಕದ ಮೇಲೆ ವಿಲ್ಲಾ ಅಜ್ಜಿಯಾದಳು.

ಸಂರಕ್ಷಣೆಯವರ ಬಾಯಲ್ಲಿ ‘50/500’ ಅಂತ ಒಂದು ಹಳೇ ಲೆಕ್ಕ ಓಡಾಡುತ್ತದೆ. ಒಳಸಂಬಂಧದ ತೊಂದರೆ ಸದ್ಯಕ್ಕೆ ತಪ್ಪಬೇಕಾದರೆ ಮರಿ ಹಾಕುವಂಥವು 50 ಬೇಕು, ದೀರ್ಘಕಾಲ ಬಾಳಲು 500 ಬೇಕು. ಇದು ಒರಟು ಅಂದಾಜು, ಇಷ್ಟೂ ಸಾಲದು ಅನ್ನುವವರೂ ಇದ್ದಾರೆ. 500 ಆನೆಗೆ ನೌಕೆಯಲ್ಲಿ ಜಾಗ ಇಲ್ಲ ಅಲ್ವಾ? ಹಾಗಾದರೆ ಕೆಲವು ಜೀವಂತ ಆನೆ, ಜೊತೆಗೆ ನೂರಾರು ಆನೆಗಳ ಕೋಶ.

ಹೆಜ್ಜೆ 3: ಫ್ರೀಜರ್‌ನ ಮಿತಿ

ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಟ್ಟರೆ ಕೋಶದೊಳಗಿನ ಕೆಲಸವೆಲ್ಲ ನಿಂತುಬಿಡುತ್ತದೆ. ಆದರೆ ಎಲ್ಲವನ್ನೂ ಹಾಗೆ ತುಂಬಿಡಲು ಬರುವುದಿಲ್ಲ. ಹಕ್ಕಿಯ ಮೊಟ್ಟೆಯಲ್ಲಿ ಹಳದಿ ಭಾಗ ಜಾಸ್ತಿ, ಅದನ್ನು ಹೆಪ್ಪುಗಟ್ಟಿಸಿ ಎಬ್ಬಿಸಲು ಆಗದು. ಮಾವು, ಕೋಕೋ, ರಬ್ಬರ್ ಬೀಜಗಳು ಒಣಗಿದರೇ ಸಾಯುತ್ತವೆ, ಇನ್ನು ಫ್ರೀಜರ್ ಮಾತೆಲ್ಲಿ.

ಕಥೆಗಾರರು ಮರೆಯುವ ಇನ್ನೊಂದು ವಿಷಯ ವಿಕಿರಣ. ಎಚ್ಚರವಿರುವ ಕೋಶ ಡಿಎನ್‌ಎಗೆ ಆದ ಗಾಯವನ್ನು ಆಗಾಗ ಹೊಲಿದುಕೊಳ್ಳುತ್ತದೆ. ಹೆಪ್ಪುಗಟ್ಟಿದ ಕೋಶಕ್ಕೆ ಆ ಶಕ್ತಿ ಇಲ್ಲ, ಗಾಯ ಸುಮ್ನೆ ಕೂಡುತ್ತಾ ಹೋಗುತ್ತದೆ. ಸೀಸದ ಗೋಡೆ ಕಟ್ಟಿದರೂ ಕೋಶದ ಒಳಗೇ ಇದ್ದು ವಿಕಿರಣ ಸೂಸುವ ಪೊಟ್ಯಾಸಿಯಂ 40 ಬಿಡಬೇಕಲ್ಲ! ಹಾಗಾಗಿ ಸಾವಿರಾರು ವರ್ಷದ ಪಯಣವಾದರೆ ನಡುನಡುವೆ ಒಂದೊಂದು ತಲೆಮಾರನ್ನು ಎಬ್ಬಿಸಿ, ಬೆಳೆಸಿ, ಹೊಸ ಕೋಶ ತೆಗೆದಿಡುವ ವ್ಯವಸ್ಥೆ ಬೇಕು. ನನ್ನ ಪ್ರಕಾರ ಒಳ್ಳೇ ಕಥೆ ಸಿಗುವುದು ಇಲ್ಲೇ: ನೌಕೆಯಲ್ಲೇ ಹುಟ್ಟಿ ನೌಕೆಯಲ್ಲೇ ಸಾಯುವ ಆ ಮಧ್ಯದ ತಲೆಮಾರು.

ಹೆಜ್ಜೆ 4: ಜೊತೆಗಾರರನ್ನು ಬಿಡಬೇಡಿ

ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ದೊಡ್ಡ ರಣಹದ್ದು 1987ರಲ್ಲಿ ಒಟ್ಟು 27ಕ್ಕೆ ಇಳಿದಿತ್ತು. ಎಲ್ಲವನ್ನೂ ಹಿಡಿದು ತಂದು ಸಾಕಿದರು, ಹಕ್ಕಿ ಉಳಿಯಿತು. ಆದರೆ ತರುವಾಗ ಆರೋಗ್ಯದ ಕಾಳಜಿಯಿಂದ ಮೈಮೇಲಿನ ಹೇನುಗಳನ್ನು ಔಷಧಿ ಹಾಕಿ ತೆಗೆದರು. ಆ ಹಕ್ಕಿಯ ಮೇಲೆ ಮಾತ್ರ ಬದುಕುತ್ತಿದ್ದ ಒಂದು ಜಾತಿಯ ಹೇನು ಅಲ್ಲಿಗೆ ನಿರ್ನಾಮವಾಯಿತು. ಒಂದು ಜೀವಿಯನ್ನು ಉಳಿಸುವ ಕೈಯೇ ಇನ್ನೊಂದನ್ನು ಅಳಿಸಿತು. ಯಾರೂ ಅತ್ತಂತಿಲ್ಲ ಬಿಡಿ.

ಹೇನು ಹೋದರೆ ಹಕ್ಕಿಗೆ ನಷ್ಟವಿಲ್ಲದಿರಬಹುದು. ಆದರೆ ಕೊವಾಲಾ ಮರಿ ಎಲೆ ತಿನ್ನುವ ಮೊದಲು ತಾಯಿಯ ಹೊಟ್ಟೆಯಿಂದ ಬರುವ ಮೆತ್ತನೆಯ ಮಲವನ್ನು ತಿನ್ನುತ್ತದೆ. ಅದರಲ್ಲಿರುವ ಸೂಕ್ಷ್ಮಾಣುಗಳ ಸಹಾಯದಿಂದಲೇ ಮುಂದೆ ನೀಲಗಿರಿ ಎಲೆ ಅರಗುವುದು. ಲ್ಯಾಬ್‌ನಲ್ಲಿ ಹುಟ್ಟಿದ ಕೊವಾಲಾಕ್ಕೆ ಆ ತುತ್ತು ಕೊಡುವವರು ಯಾರು? ಆರ್ಕಿಡ್ ಬೀಜ ಕಾಡಿನಲ್ಲಿ ಮೊಳೆಯಲು ಶಿಲೀಂಧ್ರದ ಆಸರೆ ಬೇಕು. ಆದ್ದರಿಂದ ನೌಕೆಯ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಮೂರು ಖಾನೆ ಹಾಕಿ: ಏನು ತಿನ್ನುತ್ತದೆ, ಒಳಗೆ ಯಾರಿದ್ದಾರೆ, ಮೇಲೆ ಯಾರಿದ್ದಾರೆ.

ಹೆಜ್ಜೆ 5: ಒಂದೇ ಬುಟ್ಟಿಯಲ್ಲಿ ಬೇಡ

ನಾರ್ವೆಯ ಸ್ವಾಲ್ಬಾರ್ಡ್ ಬೀಜ ಭಂಡಾರ 2008ರಲ್ಲಿ ಶುರುವಾಯಿತು. ಸಿರಿಯಾ ಯುದ್ಧದಲ್ಲಿ ಅಲೆಪ್ಪೊ ಬಳಿಯ ಬೀಜ ಬ್ಯಾಂಕ್ ಕೈತಪ್ಪಿದಾಗ, 2015ರಲ್ಲಿ ಸ್ವಾಲ್ಬಾರ್ಡ್‌ನಲ್ಲಿ ಇಟ್ಟಿದ್ದ ಅದೇ ಬೀಜಗಳ ಇನ್ನೊಂದು ಪ್ರತಿಯನ್ನು ವಾಪಸ್ ಪಡೆದು ಬಿತ್ತಿ ಬೆಳೆಸಿದರು. ಮುಂದೆ ಇದೇ ಭಂಡಾರದ ಬಾಗಿಲ ಸುರಂಗಕ್ಕೆ ಕರಗಿದ ನೀರು ನುಗ್ಗಿತು, ಬೀಜಗಳಿಗೇನೂ ಆಗಲಿಲ್ಲ. ಕನಿಷ್ಠ ಮೂರು ನೌಕೆ, ಮೂರು ದಿಕ್ಕು.

ಹೆಜ್ಜೆ 6: ಇಳಿಸುವ ಸರದಿ

ಅರಿಜೋನಾದ ಬಯೋಸ್ಫಿಯರ್ 2 ಎಂಬ ಗಾಜಿನ ಮನೆಯೊಳಗೆ 1991ರಿಂದ 1993ರವರೆಗೆ 8 ಜನ ಬಾಗಿಲು ಹಾಕಿಕೊಂಡು ಬದುಕಿದರು. ಗಾಳಿಯಲ್ಲಿದ್ದ ಆಮ್ಲಜನಕ ಸುಮಾರು ಶೇ 21ರಿಂದ ಶೇ 14ರ ಆಸುಪಾಸಿಗೆ ಇಳಿಯಿತು. ಫಲವತ್ತಾದ ಮಣ್ಣಿನ ಸೂಕ್ಷ್ಮಾಣುಗಳು ಅದನ್ನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಟ್ಟವು, ಆ ಅನಿಲವನ್ನು ಕಾಂಕ್ರೀಟ್ ಗೋಡೆ ಹೀರಿಕೊಂಡಿತು. ಕೊನೆಗೆ ಹೊರಗಿನಿಂದ ಆಮ್ಲಜನಕ ತುಂಬಿಸಬೇಕಾಯಿತು. ಪರಾಗ ಹೊರುವ ಕೀಟಗಳು ಸತ್ತವು, ಇರುವೆಗಳು ಮಾತ್ರ ಮೆರೆದವು. ಹಾಗಾಗಿ ಹೊಸ ಗ್ರಹದಲ್ಲಿ ಸರದಿ ಹೀಗಿರಲಿ: ಮೊದಲು ಸೂಕ್ಷ್ಮಾಣು, ಶಿಲೀಂಧ್ರ, ಮಣ್ಣು. ಆಮೇಲೆ ಗಿಡ, ಕೀಟ. ಜಿಂಕೆ ಎಷ್ಟೋ ತಲೆಮಾರಿನ ನಂತರ. ಗೆಳೆಯನ ಹುಲಿ ಕಟ್ಟಕಡೆಗೆ.

ಹೆಜ್ಜೆ 7: ಪಾಠ ಹೇಳುವವರು

ತಾಯಿ ಹೇಳಿಕೊಡುವುದು ಜೀನ್‌ನಲ್ಲಿ ಇರುವುದಿಲ್ಲ. ಮನುಷ್ಯರು ಸಾಕಿದ ವೂಪಿಂಗ್ ಕೊಕ್ಕರೆಗಳಿಗೆ ವಲಸೆಯ ದಾರಿ ಗೊತ್ತಿರಲಿಲ್ಲ. 2001ರಲ್ಲಿ ಪೈಲಟ್‌ಗಳು ಬಿಳಿ ನಿಲುವಂಗಿ ತೊಟ್ಟು, ಪುಟಾಣಿ ವಿಮಾನ ಹತ್ತಿ, ಮರಿಗಳನ್ನು ಹಿಂದೆ ಕರೆದುಕೊಂಡು ವಿಸ್ಕಾನ್ಸಿನ್‌ನಿಂದ ಫ್ಲಾರಿಡಾಕ್ಕೆ ಹಾರಿದರು. ನಿಮ್ಮ ಕಥೆಯಲ್ಲಿ ಆ ನಿಲುವಂಗಿ ತೊಡುವುದು ಯಾರು ಅಂತ ಈಗಲೇ ಬರೆದಿಟ್ಟುಕೊಳ್ಳಿ. ರೋಬಾಟ್ ಆದರೂ ಸರಿ. ಆದರೆ ಹಳೇ ಭೂಪಟ ಅಲ್ಲಿ ಕೆಲಸಕ್ಕೆ ಬಾರದು. ಹೊಸ ಗ್ರಹದಲ್ಲಿ ಚಳಿಗಾಲ ಯಾವ ದಿಕ್ಕಿನಿಂದ ಬರುತ್ತದೆ ಅಂತ ಮೊದಲು ಆ ರೋಬಾಟೇ ಕಲಿಯಬೇಕು, ಮರಿಗಳು ಕೆಳಗೆ ಕಾಯುತ್ತಿರುವಾಗ.