ಹದಿಮೂರು ವಾರದ ಅನಿಮೆ: ಪ್ರಸಾರವಾಗುತ್ತಿರುವ ಸೀಸನ್ನಿನ ಜೊತೆ ಸಾಗುವ ಬಗೆ

ಜಪಾನಿನ ಟಿವಿ ವರ್ಷಕ್ಕೆ ನಾಲ್ಕು ಬೆಳೆ ಅನಿಮೆ, ಅಂದರೆ ಜಪಾನೀ ಅನಿಮೇಷನ್ ಸರಣಿ, ತೆಗೆಯುತ್ತದೆ. ಜನವರಿಯಲ್ಲಿ ಚಳಿಗಾಲದ್ದು, ಏಪ್ರಿಲ್‌ನಲ್ಲಿ ವಸಂತದ್ದು, ಜುಲೈಯಲ್ಲಿ ಬೇಸಿಗೆಯದು, ಅಕ್ಟೋಬರ್‌ನಲ್ಲಿ ಶರತ್ಕಾಲದ್ದು. ಮೂರು ತಿಂಗಳ ಈ ಒಂದು ಅವಧಿಗೆ ಜಪಾನೀಯರು ಹೇಳುವ ಪದ 'ಕೂರು'. ನಮ್ಮ 'ಕೂರು' ಎಂಬ ಮಾತಿನಂತೆಯೇ ಕಿವಿಗೆ ಬೀಳುವ ಈ ಪದವನ್ನು ಕನ್ನಡದವರು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಒಂದು ಕೂರಿನಲ್ಲಿ ಹದಿಮೂರು ವಾರ, ಅದರಲ್ಲಿ ಸಾಮಾನ್ಯವಾಗಿ 12 ಅಥವಾ 13 ಎಪಿಸೋಡ್. ಎರಡು ಕೂರಿನ ಸರಣಿಯಾದರೆ 24ರಿಂದ 26.

ಮುಗಿದ ಸರಣಿಯನ್ನು ಒಂದೇ ರಾತ್ರಿ ನೋಡಿ ಮುಗಿಸುವವರಿಗೆ ಎರಡು ಎಪಿಸೋಡ್‌ಗಳ ನಡುವಿನ ಏಳು ದಿನ ಸಿಗುವುದೇ ಇಲ್ಲ. ವಾರವಾರ ನೋಡುವುದರ ಸುಖವೆಲ್ಲ ಇರುವುದು ಆ ಏಳು ದಿನಗಳಲ್ಲೇ. ಅವುಗಳನ್ನು ಬಳಸಿಕೊಳ್ಳದಿದ್ದರೆ ಸೀಸನ್ ಮುಗಿಯುವ ಹೊತ್ತಿಗೆ ನೆನಪಿನಲ್ಲಿ ಉಳಿಯುವುದು ಕೊನೆಯ ಹೊಡೆದಾಟ ಒಂದೇ. ಕೆಳಗೆ ಹೇಳಿರುವ ಕ್ರಮವೆಲ್ಲ ಇದಕ್ಕಾಗಿಯೇ.

ಎಷ್ಟು ಸರಣಿ, ಯಾವುವು

ಒಂದು ಎಪಿಸೋಡ್ ಸುಮಾರು 24 ನಿಮಿಷ. ಅದರಲ್ಲಿ ಓಪನಿಂಗ್ ಹಾಡು 90 ಸೆಕೆಂಡು, ಎಂಡಿಂಗ್ ಇನ್ನೊಂದು 90 ಸೆಕೆಂಡು. ಕಥೆಗೆ ಉಳಿಯುವುದು 21 ನಿಮಿಷದ ಆಸುಪಾಸು. ಐದು ಸರಣಿ ಹಿಡಿದರೆ ವಾರಕ್ಕೆ ಎರಡು ಗಂಟೆ, ಸೀಸನ್ನಿಗೆ 24 ಗಂಟೆ. ಓದು, ಕೆಲಸ, ಮನೆಯ ನಡುವೆ ಇದು ಸಲೀಸಾಗಿ ನಡೆಯುತ್ತದೆ. ಹತ್ತು ಸರಣಿ ಹಿಡಿದವರು ಐದನೇ ವಾರಕ್ಕೆ ಹಿಂದೆ ಬೀಳುತ್ತಾರೆ. ಬಾಕಿ ಒಮ್ಮೆ ಬೆಳೆಯಿತೆಂದರೆ ನೋಡುವುದು ಸಾಲ ತೀರಿಸಿದ ಹಾಗಾಗುತ್ತದೆ, ರುಚಿ ಹೋಗುತ್ತದೆ. ಶುರುವಿನಲ್ಲಿ ಎಂಟು ಸರಣಿಯ ಮೊದಲ ಎಪಿಸೋಡ್ ನೋಡಿ, ನಾಲ್ಕನೇ ವಾರಕ್ಕೆ ನಾಲ್ಕೈದಕ್ಕೆ ಇಳಿಸಿ. ಇದೇ ಒಳ್ಳೆಯ ಲೆಕ್ಕ.

ಆಯ್ಕೆಗೆ ಜಾಲತಾಣಗಳಾದ ಅನಿಚಾರ್ಟ್ ಅಥವಾ ಲೈವ್‌ಚಾರ್ಟ್ ತೆರೆದರೆ ಇಡೀ ಸೀಸನ್ನಿನ ಪಟ್ಟಿ ಒಂದೇ ಪುಟದಲ್ಲಿ ಸಿಗುತ್ತದೆ. ಹಿಂದಿನ ಸೀಸನ್ನಿನ ಕೊನೆಯ ಎರಡು ವಾರ ಇದಕ್ಕೆ ಸರಿಯಾದ ಸಮಯ. ಪೋಸ್ಟರ್ ನೋಡಿ ಆರಿಸಬೇಡಿ. ಸ್ಟುಡಿಯೋದ ಹೆಸರೊಂದನ್ನೇ ನಂಬಿದರೂ ಮೋಸ ಹೋಗುತ್ತೀರಿ, ಏಕೆಂದರೆ ಒಂದೇ ಸ್ಟುಡಿಯೋದೊಳಗೆ ಬೇರೆ ಬೇರೆ ತಂಡಗಳು ಬೇರೆ ಬೇರೆ ವೇಳಾಪಟ್ಟಿಯಲ್ಲಿ ದುಡಿಯುತ್ತಿರುತ್ತವೆ. ನಿರ್ದೇಶಕರು ಯಾರು, ಎಲ್ಲ ಎಪಿಸೋಡ್‌ಗಳ ಕಥೆಯನ್ನು ಹೊಂದಿಸುವ 'ಸೀರೀಸ್ ಕಂಪೊಸಿಷನ್' ಯಾರದು, ಅವರು ಹಿಂದೆ ಏನು ಮಾಡಿದ್ದಾರೆ ಎಂಬುದನ್ನು ನೋಡಿ. ಮಾಂಗಾ (ಜಪಾನೀ ಕಾಮಿಕ್ಸ್) ಆಧಾರಿತವಾದರೆ ಮೂಲ ಮುಗಿದಿದೆಯೇ, ಇನ್ನೂ ನಡೆಯುತ್ತಿದೆಯೇ ಎಂಬುದೂ ಮುಖ್ಯ. ನಡೆಯುತ್ತಿರುವ ಮಾಂಗಾದ ಅನಿಮೆ ಒಂದು ಕೂರಿನಲ್ಲಿ ಕಥೆ ಮುಗಿಸುವುದಿಲ್ಲ, ಒಂದು ತಂಗುದಾಣದಲ್ಲಿ ನಿಲ್ಲುತ್ತದೆ. ಇದು ಮೊದಲೇ ಗೊತ್ತಿದ್ದರೆ ಕೊನೆಯ ವಾರ ನಿರಾಸೆಯಾಗುವುದಿಲ್ಲ.

ಎಪಿಸೋಡ್ ಸಂಖ್ಯೆಯನ್ನೂ ಗುರುತು ಮಾಡಿಟ್ಟುಕೊಳ್ಳಿ. 2022ರ ಸ್ಪೈ ಫ್ಯಾಮಿಲಿ ಏಪ್ರಿಲ್‌ನಿಂದ ಜೂನ್‌ವರೆಗೆ 12, ಒಂದು ಕೂರು ಬಿಟ್ಟು ಅಕ್ಟೋಬರ್‌ನಿಂದ 13 ಎಪಿಸೋಡ್ ಬಂತು. ಇದಕ್ಕೆ ಸ್ಪ್ಲಿಟ್ ಕೂರು ಎನ್ನುತ್ತಾರೆ. 2024ರ ಡಂಜನ್ ಮೇಶಿ ಜನವರಿಯಿಂದ ಜೂನ್‌ವರೆಗೆ ಬಿಡದೆ 24 ಎಪಿಸೋಡ್ ನಡೆಯಿತು. ಮೊದಲನೆಯದರಲ್ಲಿ ಜೂನ್ ಕೊನೆಗೆ ಒಂದು ವಿರಾಮ. ಎರಡನೆಯದರಲ್ಲಿ 12ನೇ ಎಪಿಸೋಡ್ ಬರೀ ನಡುದಾರಿ, ಅಲ್ಲಿ ಅಂತ್ಯ ಹುಡುಕಿದರೆ ಸಿಗದು.

'ಶನಿವಾರ 25:30' ಎಂದರೆ ಯಾವಾಗ

ಬಹುಪಾಲು ಅನಿಮೆ ಜಪಾನಿನಲ್ಲಿ ನಡುರಾತ್ರಿ ದಾಟಿದ ಮೇಲೆ ಪ್ರಸಾರವಾಗುತ್ತದೆ. ಅಲ್ಲಿನ ವಾಹಿನಿಗಳು ಆ ಹೊತ್ತನ್ನು ಹಿಂದಿನ ದಿನದ ಲೆಕ್ಕಕ್ಕೇ ಸೇರಿಸಿ 24:30, 25:00, 25:30 ಎಂದು ಬರೆಯುತ್ತವೆ. ಶನಿವಾರ 25:30 ಎಂದರೆ ಜಪಾನಿನ ಭಾನುವಾರ ಬೆಳಗಿನ ಜಾವ 1:30. ಭಾರತದಲ್ಲಿರುವವರಿಗೆ ಇದು ಸುಲಭ: ಬರೆದಿರುವ ಸಂಖ್ಯೆಯಿಂದ ಮೂರೂವರೆ ಗಂಟೆ ಕಳೆಯಿರಿ, ವಾರದ ಹೆಸರನ್ನು ಮುಟ್ಟಬೇಡಿ. 25:30 ಶನಿವಾರ ನಮ್ಮ ಶನಿವಾರ ರಾತ್ರಿ 10 ಗಂಟೆ. 24:00 ಆದರೆ ರಾತ್ರಿ 8:30. ಎರಡೂ ದೇಶಗಳಲ್ಲಿ ಗಡಿಯಾರವನ್ನು ಹಿಂದೆ ಮುಂದೆ ಮಾಡುವ ಪದ್ಧತಿಯಿಲ್ಲದ ಕಾರಣ ಈ ಲೆಕ್ಕ ವರ್ಷವಿಡೀ ಬದಲಾಗುವುದಿಲ್ಲ.

ದುಬೈಯಲ್ಲಿರುವ ಕನ್ನಡಿಗರು ಐದು ಗಂಟೆ ಕಳೆಯಬೇಕು. ಕ್ಯಾಲಿಫೋರ್ನಿಯಾದವರಿಗೆ ಬೇಸಿಗೆಯ ಸಮಯದಲ್ಲಿ 16, ಚಳಿಗಾಲದಲ್ಲಿ 17. ಅಮೆರಿಕದಲ್ಲಿ ಗಡಿಯಾರ ಹಿಂದಕ್ಕೆ ಹೋಗುವುದು ನವೆಂಬರ್‌ನ ಮೊದಲ ಭಾನುವಾರ, ಅಂದರೆ ಅಕ್ಟೋಬರ್ ಸೀಸನ್ನಿನ ನಟ್ಟನಡುವೆ. ಆ ವಾರದಿಂದ ಎಪಿಸೋಡ್ ಒಂದು ಗಂಟೆ ಮುಂಚೆ ಬರುತ್ತದೆ. 'ಇನ್ನೂ ಬಂದಿಲ್ಲ' ಎಂದುಕೊಂಡು ಗುಂಪಿನ ಮಾತುಕತೆ ತೆರೆದವರು ಸ್ಪಾಯ್ಲರ್‌ಗೆ (ಕಥೆ ಮೊದಲೇ ಬಯಲಾಗುವುದಕ್ಕೆ) ಸಿಕ್ಕಿಬೀಳುವುದು ಹೆಚ್ಚಾಗಿ ಆ ವಾರವೇ.

ಜಪಾನಿನ ಟಿವಿಯಲ್ಲಿ ಬಂದ ಕ್ಷಣಕ್ಕೇ ನಮಗೆ ಸಬ್‌ಟೈಟಲ್ ಸಮೇತ ಸಿಗುವುದಿಲ್ಲ. ಸಾಮಾನ್ಯವಾಗಿ ಅರ್ಧ ಗಂಟೆ, ಒಂದು ಗಂಟೆ ತಡ. ಕೆಲವಕ್ಕೆ ಇನ್ನೂ ಹೆಚ್ಚು. ಅಷ್ಟರೊಳಗೆ ಜಪಾನಿನ ವೀಕ್ಷಕರು ಎಕ್ಸ್‌ನಲ್ಲಿ ಚಿತ್ರ ಸಮೇತ ಹಾಕಿರುತ್ತಾರೆ. ಕೆಲವು ಪದಗಳಿರುವ ಪೋಸ್ಟ್ ಕಾಣದಂತೆ ಮಾಡುವ ಮ್ಯೂಟ್ ಪಟ್ಟಿಗೆ ಇಂಗ್ಲಿಷ್ ಹೆಸರೊಂದನ್ನೇ ಹಾಕಿದರೆ ಸಾಲದು. ಸರಣಿಯ ಜಪಾನೀ ಲಿಪಿಯ ಹೆಸರು, ಅದರ ಅಧಿಕೃತ ಹ್ಯಾಷ್‌ಟ್ಯಾಗ್, ಮುಖ್ಯ ಪಾತ್ರಗಳ ಹೆಸರು, ಮೂರನ್ನೂ ಹಾಕಿ.

ಭಾರತದಲ್ಲಿ ಹೆಚ್ಚಿನವು ಅನಿಮೆಯ ಸ್ಟ್ರೀಮಿಂಗ್ ತಾಣ ಕ್ರಂಚಿರೋಲ್‌ನಲ್ಲಿ, ಕೆಲವು ನೆಟ್‌ಫ್ಲಿಕ್ಸ್ ಮತ್ತು ಪ್ರೈಮ್‌ನಲ್ಲಿ, ಇನ್ನು ಕೆಲವು ಯೂಟ್ಯೂಬ್‌ನ ಮ್ಯೂಸ್ ಮತ್ತು ಆನಿ-ವನ್ ಚಾನೆಲ್‌ಗಳಲ್ಲಿ ಸಿಗುತ್ತವೆ. ಹಕ್ಕುಗಳು ದೇಶಕ್ಕೊಂದು ತರ. ಇಲ್ಲಿ ಯೂಟ್ಯೂಬಿನಲ್ಲಿ ತೆರೆದುಕೊಳ್ಳುವ ಸರಣಿ ಅಮೆರಿಕಕ್ಕೆ ಹೋದ ಮೇಲೆ ತೆರೆದುಕೊಳ್ಳದೆ ಇರಬಹುದು. ನೆಟ್‌ಫ್ಲಿಕ್ಸ್ ಕೆಲವನ್ನು ವಾರಕ್ಕೊಂದರಂತೆ ಕೊಡುತ್ತದೆ, ಕೆಲವನ್ನು ಒಟ್ಟಿಗೆ ಇಳಿಸುತ್ತದೆ. ಚಂದಾ ಕಟ್ಟುವ ಮೊದಲು ನೀವು ಆರಿಸಿದ ಐದರಲ್ಲಿ ಎಷ್ಟು ಎಲ್ಲಿವೆ ಎಂದು ಎಣಿಸಿ, ಹೆಚ್ಚು ಇರುವಲ್ಲಿ ಮಾತ್ರ ಮೂರು ತಿಂಗಳಿಗೆ ಕಟ್ಟಿ.

ಮೂರು ಎಪಿಸೋಡ್ ನಿಯಮ ಮತ್ತು ಅದರ ಮಿತಿ

ಮೂರು ಎಪಿಸೋಡ್ ನೋಡಿ ಉಳಿಸುವುದೋ ಬಿಡುವುದೋ ನಿರ್ಧರಿಸಿ ಎಂಬುದು ಹಳೆಯ ಮಾತು. 2011ರ ಮಡೋಕಾ ಮಾಗಿಕಾದ ಮೂರನೇ ಎಪಿಸೋಡ್ ಕಥೆಯ ಬಣ್ಣವನ್ನೇ ಬದಲಿಸಿದ ಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂತು. ಆದರೆ ಇದನ್ನು ಎಪಿಸೋಡ್ ಲೆಕ್ಕದಲ್ಲಿ ಹಿಡಿಯುವುದಕ್ಕಿಂತ ನಿಮಿಷದ ಲೆಕ್ಕದಲ್ಲಿ ಹಿಡಿಯುವುದು ಮೇಲು. 2023ರ ಒಶಿ ನೊ ಕೊ ಮೊದಲ ಎಪಿಸೋಡೇ 90 ನಿಮಿಷ. ಅದೇ ವರ್ಷ ಸೆಪ್ಟೆಂಬರ್ 29ರಂದು ಫ್ರೀರೆನ್ ಮೊದಲ ನಾಲ್ಕು ಎಪಿಸೋಡ್‌ಗಳನ್ನು ಒಂದೇ ರಾತ್ರಿ ಎರಡು ಗಂಟೆಯ ವಿಶೇಷವಾಗಿ ತಂದಿತು. ಆ ಸರಣಿಯ ನಿಧಾನ ನಡಿಗೆಗೆ ಒಂದೇ ಎಪಿಸೋಡ್ ಸಾಲುತ್ತಿರಲಿಲ್ಲ ಎಂಬುದು ನಾಲ್ಕನ್ನೂ ನೋಡಿದವರಿಗೆ ಗೊತ್ತು. ಒಟ್ಟು 70 ನಿಮಿಷ ಕೊಡಿ, ಆಮೇಲೆ ನಿರ್ಧರಿಸಿ.

ನಿರ್ಧಾರಕ್ಕೆ ಮೊದಲ ಎಪಿಸೋಡಿನ ಅಂದವನ್ನು ಅಳತೆಗೋಲಾಗಿ ಬಳಸಬಾರದು. ಎಲ್ಲಕ್ಕಿಂತ ಹೆಚ್ಚು ಸಮಯ ಸಿಗುವುದು ಅದಕ್ಕೇ. ಅದರ ಸ್ಟೋರಿಬೋರ್ಡನ್ನು (ದೃಶ್ಯಗಳ ಚಿತ್ರನಕ್ಷೆ) ಹೆಚ್ಚಾಗಿ ಸರಣಿಯ ನಿರ್ದೇಶಕರೇ ಬರೆದಿರುತ್ತಾರೆ. ಸರಣಿಯ ನಿಜವಾದ ಬಲ ಕಾಣುವುದು ಮೂರು, ನಾಲ್ಕು, ಐದರಲ್ಲಿ. ಬೇರೆ ಕೈಗಳು ಬಂದಾಗ, ಸಮಯ ಬಿಗಿಯಾದಾಗ, ಬರೀ ಇಬ್ಬರು ಕೂತು ಮಾತಾಡುವ ದೃಶ್ಯವೂ ನಿಮ್ಮನ್ನು ಹಿಡಿದಿಟ್ಟರೆ ಆ ಸರಣಿಯನ್ನು ಉಳಿಸಿಕೊಳ್ಳಿ. ಬಿಡುವುದಾದರೆ ಪೂರ್ತಿ ಬಿಡಿ, ನೋಡಿದ್ದರ ಲೆಕ್ಕವಿಡುವ ತಾಣ ಅನಿಲಿಸ್ಟ್‌ನಲ್ಲಿ 'ಡ್ರಾಪ್ಡ್' ಎಂದು ಗುರುತು ಹಾಕಿ. 'ಆಮೇಲೆ ನೋಡೋಣ' ಎಂದು ಪಟ್ಟಿಯಲ್ಲೇ ಉಳಿಸಿದ ಸರಣಿ ಉಳಿದವುಗಳ ಸಮಯವನ್ನೂ ತಿನ್ನುತ್ತದೆ.

ನೋಡುವಾಗ ಗಮನ ಎಲ್ಲಿರಬೇಕು

ಜಪಾನೀ ಭಾಷೆಯಲ್ಲೂ ಕನ್ನಡದಂತೆಯೇ ಕ್ರಿಯಾಪದ ಕೊನೆಗೆ ಬರುತ್ತದೆ, 'ಇಲ್ಲ' ಎಂಬ ನಿಷೇಧವೂ ಕೊನೆಗೇ. 'ನಾನು ನಿನ್ನನ್ನು ಬಿಟ್ಟು ಹೋಗು...' ಎಂದು ಪಾತ್ರ ತಡೆದು ನಿಲ್ಲುತ್ತದೆ, ನಟಿ ಉಸಿರು ಹಿಡಿಯುತ್ತಾಳೆ, ಆಮೇಲೆ 'ವುದಿಲ್ಲ'. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಆ ನಿಷೇಧ ವಾಕ್ಯದ ಮೊದಲರ್ಧದಲ್ಲೇ ಬಂದುಬಿಡುವುದರಿಂದ ಆ ತಡೆ ಸತ್ತುಹೋಗುತ್ತದೆ. ಅಂಥ ದೃಶ್ಯವನ್ನು ಒಮ್ಮೆ ಸಬ್‌ಟೈಟಲ್ ಓದಿ, ಹತ್ತು ಸೆಕೆಂಡು ಹಿಂದೆ ಹೋಗಿ, ಸಬ್‌ಟೈಟಲ್ ನಿಲ್ಲಿಸಿ ಮತ್ತೆ ಕೇಳಿ. ಕನ್ನಡದ ಕಿವಿಗೆ ಅದು ತಾನಾಗಿ ಅರ್ಥವಾಗುತ್ತದೆ. ಹಾಗೆಯೇ 'ಒನೀಸಾನ್', 'ಒನೇಸಾನ್' ಎಂದು ಅಣ್ಣ ಅಕ್ಕನನ್ನು ಕರೆದಾಗ ಸಬ್‌ಟೈಟಲ್‌ನಲ್ಲಿ ಹಲವು ಸಲ ಹೆಸರು ಮಾತ್ರ ಇರುತ್ತದೆ. ಯಾರು ಯಾರನ್ನು ಹೇಗೆ ಕರೆಯುತ್ತಾರೆ, ಯಾವ ಎಪಿಸೋಡಿನಲ್ಲಿ ಆ ಕರೆ ಬದಲಾಯಿತು ಎಂಬುದನ್ನು ಕಿವಿಯಿಂದಲೇ ಹಿಡಿಯಿರಿ. ಸಂಬಂಧ ಎಲ್ಲಿ ತಿರುಗಿತು ಎಂಬುದರ ಖಚಿತ ಗುರುತು ಅದೇ.

ಹೊಡೆದಾಟದ ದೃಶ್ಯದಲ್ಲಿ ಪರದೆ ಇದ್ದಕ್ಕಿದ್ದಂತೆ ಮಂಕಾದರೆ, ಚಿತ್ರದ ಮೇಲೆ ಚಿತ್ರ ನೆರಳಿನಂತೆ ಉಳಿದರೆ ನಿಮ್ಮ ಟಿವಿ ಕೆಟ್ಟಿಲ್ಲ. 1997ರ ಡಿಸೆಂಬರ್‌ನಲ್ಲಿ ಪೋಕೆಮಾನ್‌ನ ಒಂದು ಎಪಿಸೋಡಿನ ಕೆಂಪು-ನೀಲಿ ಮಿಣುಕಿನಿಂದ ನೂರಾರು ಮಕ್ಕಳು ಆಸ್ಪತ್ರೆ ಸೇರಿದ ಮೇಲೆ ಜಪಾನಿನ ವಾಹಿನಿಗಳು ಬೆಳಕಿನ ಮಿಣುಕಿಗೆ ಮಿತಿ ಹಾಕಿದವು. ಟಿವಿಗೆ ಕೊಡುವ ಪ್ರತಿಯಲ್ಲಿ ಅಂಥ ಭಾಗವನ್ನು ಮಂಕು ಮಾಡುತ್ತಾರೆ, ನಮಗೆ ಸಿಗುವುದೂ ಹಲವು ಸಲ ಅದೇ ಪ್ರತಿ. ಬ್ಲೂ-ರೇಯಲ್ಲಿ ಸಾಮಾನ್ಯವಾಗಿ ಮಂಕು ತೆಗೆದು, ಅವಸರದಲ್ಲಿ ಕೆಟ್ಟ ಚಿತ್ರಗಳನ್ನೂ ತಿದ್ದಿರುತ್ತಾರೆ. ಆದ್ದರಿಂದ ಒಂದು ಮಂಕು ದೃಶ್ಯವನ್ನು ಹಿಡಿದು 'ಅನಿಮೇಷನ್ ಕಳಪೆ' ಎಂದು ಬರೆಯಬೇಡಿ.

ಕ್ರೆಡಿಟ್ ಓಡುವಾಗ ಫೋನಿನ ಅನುವಾದ ಕ್ಯಾಮೆರಾ ಹಿಡಿದರೆ ಮೂರು ಹುದ್ದೆ ಗುರುತಾಗುತ್ತವೆ: ಎಕೊಂತೆ (ಸ್ಟೋರಿಬೋರ್ಡ್ ಬರೆದವರು), ಎನ್ಶುತ್ಸು (ಆ ಎಪಿಸೋಡಿನ ನಿರ್ದೇಶಕರು), ಸಾಕುಗಾ ಕಾಂತೊಕು (ಚಿತ್ರಗಳನ್ನು ತಿದ್ದುವವರು). ಈ ಮೂರನೆಯ ಸಾಲಿನಲ್ಲಿ ಒಂದೆರಡು ಹೆಸರಿದ್ದರೆ ಕೆಲಸ ನೆಮ್ಮದಿಯಾಗಿ ನಡೆದಿದೆ ಎನ್ನಬಹುದು. ಹತ್ತು ಹನ್ನೆರಡು ಹೆಸರಿದ್ದರೆ ಹೆಚ್ಚಾಗಿ ಗಡುವಿನ ಒತ್ತಡ. ಯಂತ್ರಗಳಿಗೆ, ಬೆಂಕಿ-ಹೊಗೆಗೆ ಬೇರೆ ಬೇರೆ ತಜ್ಞರನ್ನು ಹಾಕಿದಾಗಲೂ ಪಟ್ಟಿ ಉದ್ದವಾಗುತ್ತದೆ ಎಂಬುದನ್ನೂ ಮರೆಯಬಾರದು. ನಿಮಗೆ ತುಂಬ ಹಿಡಿಸಿದ ಎಪಿಸೋಡಿನ ಎಕೊಂತೆ ಹೆಸರನ್ನು ಬರೆದಿಡಿ. ಮುಂದಿನ ಸೀಸನ್ನಿನಲ್ಲಿ ಏನು ನೋಡಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸೂಚಿ ಇಲ್ಲ.

ಎಪಿಸೋಡಿಗೆ ಮೂರು ಸಾಲು

ಮುಗಿದ ಹತ್ತು ನಿಮಿಷದೊಳಗೆ ಮೂರೇ ಸಾಲು ಬರೆಯಿರಿ. ಮೊದಲ ಸಾಲು ಮನಸ್ಸಿನಲ್ಲಿ ನಿಂತ ಒಂದು ದೃಶ್ಯ, ನಿಮಿಷ-ಸೆಕೆಂಡು ಸಮೇತ. ಎರಡನೆಯದು ಮುಂದಿನ ವಾರ ಏನಾಗಬಹುದೆಂಬ ನಿಮ್ಮ ಊಹೆ. ಮೂರನೆಯದು ಎಕೊಂತೆ ಮತ್ತು ಎನ್ಶುತ್ಸು ಹೆಸರು. ಅಂಕ ಹಾಕುವುದಾದರೆ ಆರನೇ ಎಪಿಸೋಡಿಗೊಮ್ಮೆ, ಕೊನೆಗೊಮ್ಮೆ ಸಾಕು. ಪ್ರತಿ ವಾರ ಅಂಕ ಹಾಕಿದರೆ ಕಣ್ಣು ಕಥೆಯ ಮೇಲಿರದೆ ಅಂಕದ ಮೇಲಿರುತ್ತದೆ.

ಊಹೆಯ ಸಾಲನ್ನು ಬಿಡಬೇಡಿ. ನಿಮ್ಮ ಊಹೆ ತಪ್ಪಾದ ವಾರಗಳನ್ನು ಸಾಲಾಗಿ ಓದಿದರೆ ಕಥೆಗಾರ ನಿಮ್ಮನ್ನು ಎಲ್ಲಿ ದಾರಿ ತಪ್ಪಿಸಿದ, ಅದು ನ್ಯಾಯವಾಗಿತ್ತೇ ಎಂಬುದು ಕಾಣುತ್ತದೆ. ಮೂಲ ಮಾಂಗಾ ಓದಿದವರು ಗುಂಪಿನಲ್ಲಿದ್ದರೆ 'ಮುಂದೆ ನೋಡು, ಚೆನ್ನಾಗಿರುತ್ತೆ' ಎಂಬಷ್ಟೂ ಹೇಳಬಾರದೆಂದು ಮೊದಲೇ ಮಾತಾಡಿಕೊಳ್ಳಿ, ಅದೂ ಸ್ಪಾಯ್ಲರೇ. ಎಪಿಸೋಡ್ ಬಂದ 24 ಗಂಟೆಯವರೆಗೆ ಗುಂಪಿನಲ್ಲಿ ಚಿತ್ರ ಹಾಕಬಾರದೆಂಬ ನಿಯಮ ಸಾಕಾಗುತ್ತದೆ.

ನಡುವೆ ನಿಂತಾಗ

ಒಂದು ವಾರ ಎಪಿಸೋಡ್ ಬರದಿದ್ದರೆ ಮೊದಲು ಸರಣಿಯ ಅಧಿಕೃತ ಖಾತೆ ನೋಡಿ. ಕ್ರೀಡಾ ಪ್ರಸಾರ, ಹೊಸ ವರ್ಷದ ವಿಶೇಷ ಕಾರ್ಯಕ್ರಮಗಳಿಂದ ಒಂದು ವಾರ ತಪ್ಪುವುದು ಮಾಮೂಲು. ಕಥೆ ಮುಂದುವರಿಯದೆ ಹಳೆಯದನ್ನೇ ಜೋಡಿಸಿದ ಎಪಿಸೋಡ್ ಬಂದರೆ ತಂಡಕ್ಕೆ ಸಮಯ ಸಾಲುತ್ತಿಲ್ಲ ಎಂದು ತಿಳಿಯಿರಿ. 2021ರ ವಂಡರ್ ಎಗ್ ಪ್ರಯಾರಿಟಿಯ ಎಂಟನೇ ವಾರ ಹೀಗೆ ಹೋಯಿತು, ಕಥೆಯ ಕೊನೆ ಜೂನ್‌ನಲ್ಲಿ ವಿಶೇಷ ಎಪಿಸೋಡಾಗಿ ಬರಬೇಕಾಯಿತು. 2023ರ ಜನವರಿಯಲ್ಲಿ ಶುರುವಾದ ನೀಯರ್ ಆಟೊಮಾಟಾ ಕೋವಿಡ್‌ನಿಂದ ತಡೆತಡೆದು ಸಾಗಿ, ಕೊನೆಯ ನಾಲ್ಕು ಎಪಿಸೋಡ್‌ಗಳನ್ನು ಜುಲೈಯಲ್ಲಿ ಒಟ್ಟಿಗೆ ಕೊಟ್ಟಿತು. ಮಡೋಕಾದ ಕೊನೆಯ ಎರಡೂ 2011ರ ಮಾರ್ಚ್ 11ರ ಭೂಕಂಪದಿಂದ ತಡವಾಗಿ ಏಪ್ರಿಲ್‌ನಲ್ಲಿ ಬಂದವು. ಇಂಥ ಸರಣಿಯನ್ನು 'ಡ್ರಾಪ್ಡ್' ಮಾಡದೆ 'ಆನ್ ಹೋಲ್ಡ್' ಎಂದಿಡಿ. ಮತ್ತೆ ಶುರುವಾದಾಗ ಇಡೀ ಸರಣಿ ನೋಡಬೇಕಿಲ್ಲ, ನಿಮ್ಮ ಮೂರು ಸಾಲುಗಳನ್ನು ಓದಿ ಕೊನೆಯ ಒಂದು ಎಪಿಸೋಡ್ ಮರಳಿ ನೋಡಿದರೆ ಸಾಕು.

ಕೊನೆಯ ವಾರ

ಕೊನೆಯ ಎಪಿಸೋಡ್ ನೋಡಿದ ರಾತ್ರಿಯೇ ಅಭಿಪ್ರಾಯ ಬರೆದರೆ ಆ ಬರಹದಲ್ಲಿ ಕೊನೆಯ ಎರಡು ವಾರ ಮಾತ್ರ ಇರುತ್ತದೆ. ಒಂದೆರಡು ದಿನ ಬಿಟ್ಟು ಮೊದಲ ಎಪಿಸೋಡನ್ನು ಮತ್ತೊಮ್ಮೆ ನೋಡಿ. ಅಂದು ಅರ್ಥವಾಗದ ಒಂದು ನೋಟ, ಓಪನಿಂಗ್‌ನಲ್ಲಿ ಹಾದುಹೋದ ಒಂದು ಮುಖ ಈಗ ಮಾತಾಡುತ್ತವೆ. ಓಪನಿಂಗ್ ಚಿತ್ರಗಳು ಎರಡನೇ, ಮೂರನೇ ವಾರದಲ್ಲಿ ಬದಲಾಗಿದ್ದಿರಬಹುದು, ಹೋಲಿಸಿ ನೋಡಿ. ಆಮೇಲೆ ಮೂರು ಸಾಲುಗಳ ಟಿಪ್ಪಣಿ ಹರಡಿಕೊಂಡು ಬರೆಯಿರಿ: ಸರಣಿ ಯಾವ ಪ್ರಶ್ನೆಯಿಂದ ಶುರುವಾಯಿತು, ಯಾವ ವಾರ ಅದನ್ನು ಮರೆತಿತು, ಕೊನೆಗೆ ಮರಳಿ ಬಂತೇ. ಒಂದು ಸರಣಿಗೆ ಇನ್ನೂರು ಪದ ಸಾಕು, ಆದರೆ ಅದರಲ್ಲಿ ಒಂದಾದರೂ ದೃಶ್ಯ ಎಪಿಸೋಡ್ ಸಂಖ್ಯೆಯ ಸಮೇತ ಇರಲಿ. 'ಸೂಪರ್' ಎಂದಷ್ಟೇ ಬರೆದರೆ ಆರು ತಿಂಗಳ ನಂತರ ನಿಮಗೇ ಅದು ಏನೂ ನೆನಪಿಸುವುದಿಲ್ಲ.

ಕೊನೆಯ ಎಪಿಸೋಡಿನ ಎಂಡಿಂಗ್ ಮುಗಿದ ಕೂಡಲೇ ವಿಡಿಯೋ ಮುಚ್ಚಬೇಡಿ, ಆ್ಯಪ್ ತಾನಾಗಿ ಬೇರೆ ಸರಣಿಗೆ ಹಾರುವುದನ್ನೂ ಸೆಟಿಂಗ್ಸ್‌ನಲ್ಲಿ ನಿಲ್ಲಿಸಿಡಿ. ಹಾಡಿನ ಆಚೆ ಇನ್ನೊಂದು ದೃಶ್ಯ ಇರಬಹುದು, ಅದರ ನಂತರ ಐದು ಸೆಕೆಂಡಿನ ಒಂದೇ ಚಿತ್ರದಲ್ಲಿ ಮುಂದಿನ ಸೀಸನ್ನಿನ ಘೋಷಣೆಯೂ ಬರಬಹುದು.