ಮುಖ್ಯ ಗುರುಗಳಾಗಿ ಮೊದಲ ವರ್ಷ: ರಾಯಚೂರು ಸೀಮೆಯ ಸರ್ಕಾರಿ ಶಾಲೆಗಳಿಗಾಗಿ

ಪ್ರಭಾರ ವಹಿಸಿಕೊಳ್ಳುವ ದಿನ ಹಾರ, ಶಾಲು, ಚಹಾ ಎಲ್ಲವೂ ಇರುತ್ತವೆ. ಅವುಗಳಿಗಿಂತ ಮೊದಲು ಕೇಳಿ ಪಡೆಯಬೇಕಾದದ್ದು ಅಕ್ಕಿ ಕೋಣೆಯ ಕೀಲಿ ಮತ್ತು ಒಂದು ತಕ್ಕಡಿ. ನಾನು ಮೊದಲ ಸಲ ಪ್ರಭಾರ ವಹಿಸಿಕೊಂಡಾಗ ಚೀಲಗಳನ್ನು ಎಣಿಸಿದೆ, ತೂಗಲಿಲ್ಲ. ದಾಸ್ತಾನು ವಹಿಯಲ್ಲಿ 11 ಚೀಲ ಎಂದಿತ್ತು, 11 ಚೀಲಗಳೂ ಗೋಡೆಗೆ ಒರಗಿದ್ದವು, ಸಹಿ ಹಾಕಿದೆ. ವಾರದ ಬಳಿಕ ನೋಡಿದರೆ ಮೂರು ಚೀಲಗಳ ಬಾಯಿಯನ್ನು ಬೇರೆ ಬಣ್ಣದ ದಾರದಿಂದ ಹೊಲಿಯಲಾಗಿತ್ತು. 50 ಕಿಲೋ ಇರಬೇಕಾದಲ್ಲಿ ಒಂದರಲ್ಲೂ 40 ಇರಲಿಲ್ಲ. ಸಹಿ ನನ್ನದಾಗಿದ್ದರಿಂದ ಕೊರತೆಯೂ ನನ್ನದೇ ಆಯಿತು.

ಆದ್ದರಿಂದ ಪ್ರಭಾರ ಪಟ್ಟಿಯ ಪ್ರತಿ ಸಾಲನ್ನೂ ವಸ್ತುವಿನೊಂದಿಗೆ ತಾಳೆ ನೋಡಿ, ವ್ಯತ್ಯಾಸವಿದ್ದರೆ ಅದನ್ನು ಪಟ್ಟಿಯಲ್ಲಿಯೇ ಬರೆದು, ಇಬ್ಬರೂ ಸಹಿ ಮಾಡಬೇಕು. ನಗದು ಪುಸ್ತಕದ ಶಿಲ್ಕನ್ನು ಬ್ಯಾಂಕ್ ಪಾಸ್‌ಬುಕ್ಕಿನೊಂದಿಗೆ ಹೋಲಿಸಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರೊಂದಿಗಿನ ಜಂಟಿ ಖಾತೆಯಲ್ಲಿ ಸಹಿ ಬದಲಾವಣೆಯನ್ನು ಅದೇ ವಾರ ಮಾಡಿಸಬೇಕು. ಅಂದಿನ ಖರ್ಚನ್ನು ಅಂದೇ ಬರೆಯುವ ರೂಢಿ ಇಟ್ಟುಕೊಂಡರೆ ಲೆಕ್ಕಪರಿಶೋಧನೆಯ ಹಿಂದಿನ ರಾತ್ರಿ ನಿದ್ದೆ ಕೆಡುವುದಿಲ್ಲ. ಕಾಗದದ ವಿಷಯ ಬಹುಮಟ್ಟಿಗೆ ಇಷ್ಟೇ. ಯು-ಡೈಸ್ (ಶಾಲೆಗಳ ವಾರ್ಷಿಕ ಅಂಕಿಅಂಶ) ಮಾಹಿತಿ, ಎಸ್‌ಎಟಿಎಸ್ (ಪ್ರತಿ ವಿದ್ಯಾರ್ಥಿಯ ಆನ್‌ಲೈನ್ ದಾಖಲೆ) ನಮೂದು, ವಾಟ್ಸ್ಆ್ಯಪ್‌ನಲ್ಲಿ ಬರುವ 'ತುರ್ತು' ಕೇಳಿಕೆಗಳನ್ನು ಮಧ್ಯಾಹ್ನ 3 ಗಂಟೆಯ ನಂತರಕ್ಕೆ ಇಟ್ಟುಕೊಳ್ಳುವುದು ಲೇಸು, ಏಕೆಂದರೆ ಬೆಳಗಿನ ಹೊತ್ತು ತರಗತಿಗಳದ್ದು.

ಬೆಳಿಗ್ಗೆ ಪ್ರಾರ್ಥನೆಗೆ ಕಾಲು ಗಂಟೆ ಮೊದಲು ಗೇಟಿನ ಬಳಿ ನಿಂತಿರಬೇಕು. ತಡವಾಗಿ ಬರುವ ಶಿಕ್ಷಕರಿಗೆ ನೋಟಿಸಿಗಿಂತ ಅಲ್ಲಿ ನಿಂತ ಮುಖ್ಯ ಗುರುಗಳ 'ನಮಸ್ಕಾರ'ವೇ ಹೆಚ್ಚು ತಟ್ಟುತ್ತದೆ. ಎಷ್ಟೇ ಕೆಲಸವಿದ್ದರೂ ದಿನಕ್ಕೊಂದು ಪಾಠದ ಅವಧಿಯನ್ನು ತಾನೇ ತೆಗೆದುಕೊಳ್ಳಬೇಕು, ಏಕೆಂದರೆ ಪಾಠ ಮಾಡುವುದನ್ನು ಬಿಟ್ಟ ಮುಖ್ಯ ಗುರುಗಳ ಮಾತನ್ನು ಸಹೋದ್ಯೋಗಿಗಳು ಕೇಳಿದಂತೆ ಮಾಡುತ್ತಾರೆಯೇ ಹೊರತು ಕೇಳುವುದಿಲ್ಲ. ಬೇರೆಯವರ ತರಗತಿಗೆ ಹೋದಾಗ ಬಾಗಿಲಲ್ಲಿ ನಿಲ್ಲದೆ ಕೊನೆಯ ಸಾಲಿನಲ್ಲಿ ಕುಳಿತು, ಪಕ್ಕದ ಮಗುವಿನ ನೋಟ್‌ಬುಕ್ ತೆರೆದು ನೋಡಿ. ಶಿಕ್ಷಕರು ಏನು ಕಲಿಸಿದ್ದಾರೆ ಎನ್ನುವುದು ಕಪ್ಪು ಹಲಗೆಗಿಂತ ಅಲ್ಲಿ ಸ್ಪಷ್ಟವಾಗಿರುತ್ತದೆ. ತಪ್ಪು ಕಂಡರೆ ಮಕ್ಕಳ ಎದುರು ಹೇಳಬಾರದು, ಸಂಜೆಯೊಳಗೆ ಹೇಳದೆಯೂ ಇರಬಾರದು. ಅತಿಥಿ ಶಿಕ್ಷಕರ ಗೌರವಧನದ ಬಿಲ್ಲನ್ನು ತಿಂಗಳಿಗೆ ಸರಿಯಾಗಿ ಕಳುಹಿಸುವುದೂ ಪಾಠದ ಗುಣಮಟ್ಟ ಕಾಯುವ ಕೆಲಸವೇ, ಏಕೆಂದರೆ ಹುದ್ದೆಗಳು ಖಾಲಿ ಇರುವ ನಮ್ಮ ಕಡೆಯ ಶಾಲೆಗಳು ನಡೆಯುತ್ತಿರುವುದು ಅವರ ಹೆಗಲ ಮೇಲೆ.

ಆದರೆ ರಾಯಚೂರು, ಕೊಪ್ಪಳ ಸೀಮೆಯಲ್ಲಿ ಮುಖ್ಯ ಗುರುಗಳ ಕೆಲಸ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ದೀಪಾವಳಿ ದಾಟಿದ ಮೇಲೆ, ಗುಳೆಯ ಕಾಲದಲ್ಲಿ. ತುಂಗಭದ್ರಾ ಕಾಲುವೆಯ ನೀರು ಹರಿಯುವ ಸಿಂಧನೂರು, ಕಾರಟಗಿ ಕಡೆ ಭತ್ತದ ಕೆಲಸವಾದರೂ ಇರುತ್ತದೆ. ಮಳೆಯನ್ನೇ ನಂಬಿದ ದೇವದುರ್ಗ, ಲಿಂಗಸುಗೂರಿನ ಹಳ್ಳಿಗಳಿಂದ ಮತ್ತು ತಾಂಡಾಗಳಿಂದ ಸಂಸಾರಗಳೇ ಬೆಂಗಳೂರು, ಹೈದರಾಬಾದ್, ಪುಣೆಯ ಕಟ್ಟಡಗಳ ಕೆಲಸಕ್ಕೆ ಹೊರಡುತ್ತವೆ. ಐದನೆಯ ತರಗತಿಯ ಹುಡುಗಿಯೊಬ್ಬಳು ಪಾಟಿಚೀಲವಿಲ್ಲದೆ, ತಮ್ಮನನ್ನು ಸೊಂಟದ ಮೇಲೆ ಹೊತ್ತು ಆಫೀಸಿನ ಬಾಗಿಲಿಗೆ ಬಂದು, "ಸರ್, ನಾಳಿಂದ ಬರಂಗಿಲ್ರಿ, ದುಡಿಯಾಕ ಹೊಂಟೀವಿ" ಎಂದು ಹೇಳಿ ನಿಂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಕೆ ಹೇಳಲು ಬಂದಳು. ಹೆಚ್ಚಿನ ಮಕ್ಕಳು ಹೇಳುವುದಿಲ್ಲ, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 'ಗೈ' ಎಂಬ ಅಕ್ಷರ ಬೆಳೆಯುತ್ತಾ ಹೋಗುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಒಂದು 200 ಪುಟದ ನೋಟ್‌ಬುಕ್. ಅಕ್ಟೋಬರ್‌ನಲ್ಲಿಯೇ ತರಗತಿ ಶಿಕ್ಷಕರನ್ನು ಕೂರಿಸಿಕೊಂಡು, ಹೋದ ವರ್ಷ ಯಾವ ಮನೆಗಳು ಗುಳೆ ಹೋಗಿದ್ದವು ಎಂದು ಬರೆಯಬೇಕು. ಪ್ರತಿ ಮಗುವಿನ ಹೆಸರಿನ ಎದುರು ಹೋಗುವ ಊರು, ಕರೆದೊಯ್ಯುವ ಮೇಸ್ತ್ರಿಯ ಫೋನ್ ಸಂಖ್ಯೆ, ಊರಲ್ಲೇ ಉಳಿಯುವ ಅಜ್ಜಿಯೋ ಚಿಕ್ಕಮ್ಮನೋ ಇದ್ದಾರೆಯೇ ಎಂಬುದು ಇರಲಿ. ಆ ಬಳಿಕ ಸಂಜೆಯ ಹೊತ್ತು ಆ ಮನೆಗಳಿಗೆ ಹೋಗಬೇಕು. "ಮಕ್ಕಳನ್ನು ಕಳುಹಿಸಬೇಡಿ" ಎಂದು ಉಪದೇಶಿಸಿದರೆ ಗೋಡೆಗೆ ಹೇಳಿದಂತಾಗುತ್ತದೆ. "ಅಜ್ಜಿಯ ಹತ್ತಿರ ಬಿಟ್ಟು ಹೋಗಿ, ಮಧ್ಯಾಹ್ನದ ಊಟ ಶಾಲೆಯಲ್ಲಿದೆ, ವಾರಕ್ಕೊಮ್ಮೆ ನನ್ನ ಫೋನಿನಿಂದ ಮಾತನಾಡಿಸುತ್ತೇನೆ" ಎಂದರೆ ಹತ್ತರಲ್ಲಿ ಮೂರು ಮನೆಯವರಾದರೂ ಒಪ್ಪುತ್ತಾರೆ. ಒಪ್ಪದವರ ಕೈಗೆ ಮಗುವಿನ ಹೆಸರು, ತರಗತಿ, ಎಸ್‌ಎಟಿಎಸ್ ಸಂಖ್ಯೆ ಬರೆದು ಶಾಲೆಯ ಮೊಹರು ಒತ್ತಿದ ಒಂದು ಚೀಟಿ ಕೊಟ್ಟು ಕಳುಹಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೆಯ ತರಗತಿಯವರೆಗೆ ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಶಾಲೆಯೂ ಪ್ರವೇಶ ನಿರಾಕರಿಸುವಂತಿಲ್ಲ, ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಶಾಲೆ ಮಗುವನ್ನು ಹೊರಗಿಡುವಂತಿಲ್ಲ. ಈ ಮಾತನ್ನು ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟರೆ ಪರವೂರಿನಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಹಾಜರಿ ಕಡಿಮೆ ಕಾಣಿಸುತ್ತದೆಯೆಂದು ಹೋದ ಮಕ್ಕಳಿಗೆ 'ಹಾ' ಹಾಕಿಸುವುದು ಅಥವಾ ಹೆಸರನ್ನೇ ಹೊಡೆದುಹಾಕುವುದು, ಎರಡೂ ಒಂದೇ ಬಗೆಯ ಸುಳ್ಳು.

ಊಟದ ಲೆಕ್ಕಕ್ಕೂ ಈ ಹಾಜರಿಗೂ ನೇರ ಸಂಬಂಧವಿದೆ. ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದದ್ದು ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ. ಮೊಟ್ಟೆಯೂ 2021ರ ಡಿಸೆಂಬರ್‌ನಲ್ಲಿ ಮೊದಲು ಬಂದದ್ದು ಕಲ್ಯಾಣ ಕರ್ನಾಟಕ ಮತ್ತು ವಿಜಯಪುರಕ್ಕೆ. ಒಂದರಿಂದ ಐದನೆಯ ತರಗತಿಗೆ ಮಗುವಿಗೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ ಧಾನ್ಯ. 60 ಚಿಕ್ಕ ಮಕ್ಕಳು, 40 ದೊಡ್ಡ ಮಕ್ಕಳು ಹಾಜರಿದ್ದ ದಿನ 12 ಕಿಲೋ ಅಳೆದು ಕೊಡಬೇಕು, ಹಾಗೂ ಆ ಸಂಖ್ಯೆಯನ್ನು ಪ್ರಾರ್ಥನೆಯಾದ ಕೂಡಲೇ ಅಡುಗೆ ಕೋಣೆಯ ಹಲಗೆಯ ಮೇಲೆ ಬರೆಸಬೇಕು. ಬಡಿಸುವ ಮುನ್ನ ಶಿಕ್ಷಕರೊಬ್ಬರು ರುಚಿ ನೋಡಿ ವಹಿಯಲ್ಲಿ ಸಹಿ ಮಾಡುವುದು ನಿಯಮ. ರುಚಿ ನೋಡದೆ ಸಹಿ ಮಾಡುವ ದಿನವೇ ಸಾರಿನಲ್ಲಿ ಹಲ್ಲಿ ಬೀಳುತ್ತದೆ ಎಂದು ನಮ್ಮ ಅಡುಗೆಯಮ್ಮ ನಗುತ್ತಿದ್ದರು.

ನೀರಿನ ಬಗ್ಗೆ ಇನ್ನೂ ಒಂದು ಮಾತು. ರಾಯಚೂರು, ಕೊಪ್ಪಳದ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದೆ. ಮಕ್ಕಳ ಹಲ್ಲುಗಳ ಮೇಲೆ ಕಂದು ಗೆರೆಗಳು ಕಂಡರೆ ಅದನ್ನು ಹಲ್ಲುಜ್ಜದ ಕೊಳೆ ಎಂದು ಗದರಿಸಬಾರದು. ನೀರನ್ನು ಪರೀಕ್ಷೆಗೆ ಕಳುಹಿಸಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ತಿಳಿಸಬೇಕು. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಪ್ರಮಾಣ ಏರುತ್ತದೆ.

ಎಸ್‌ಡಿಎಂಸಿ ಸಭೆಯನ್ನು ಅಮಾವಾಸ್ಯೆಯ ದಿನಕ್ಕೆ ಇಡಿ. ಅಂದು ಹೊಲದ ಕೆಲಸವಿರುವುದಿಲ್ಲ, ಜನ ಬರುತ್ತಾರೆ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆ ಹೇಳುತ್ತದೆ. ನಡಾವಳಿ ಪುಸ್ತಕವನ್ನು ಮನೆಗೆ ಕಳುಹಿಸಿ ಸದಸ್ಯರ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವ ಪದ್ಧತಿ ಹಲವೆಡೆ ಇದೆ, ಅದನ್ನು ಮೊದಲ ಸಭೆಯಲ್ಲಿಯೇ ನಿಲ್ಲಿಸಬೇಕು.

ಎರಡು ವಿಷಯಗಳಲ್ಲಿ ರಾಜಿಗೆ ಎಡೆಯಿಲ್ಲ. ಮಕ್ಕಳನ್ನು ಹೊಡೆಯುವುದು ಮತ್ತು ಮಾನಸಿಕವಾಗಿ ಹಿಂಸಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮಿನಡಿ ನಿಷಿದ್ಧ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಊರ ಹಿರಿಯರು ಕಟ್ಟೆಯ ಮೇಲೆ ಕುಳಿತು "ಇಲ್ಲೇ ಮುಗಿಸೋಣ ಸರ್, ಹುಡುಗಿಯ ಮಾನದ ಪ್ರಶ್ನೆ" ಎಂದಾಗ ಎದ್ದು ಬರುವ ಗಟ್ಟಿತನ ಬೇಕು. ಬೇಸಿಗೆ ರಜೆ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿ ಬಾರದಿದ್ದರೆ ಜ್ವರವೆಂದು ಸುಮ್ಮನಾಗದೆ ಮನೆಗೆ ಹೋಗಿ ನೋಡಿ, ಮದುವೆಯ ಸುಳಿವಿದ್ದರೆ ಅಂದೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಯುಗಾದಿಯ ಹೊತ್ತಿಗೆ ಗುಳೆ ಹೋದವರು ಒಬ್ಬೊಬ್ಬರಾಗಿ ಮರಳುತ್ತಾರೆ. ಬಂದ ಮಗುವನ್ನು "ಇಷ್ಟು ದಿನ ಎಲ್ಲಿ ಸತ್ತಿದ್ದೆ" ಎಂದು ಕೇಳದೆ, ಅದರ ಹಳೆಯ ಜಾಗದಲ್ಲಿಯೇ ಕೂರಿಸಿ, ಬಿಟ್ಟುಹೋದ ಪಾಠಕ್ಕೆ ಸಂಜೆ ಒಂದು ಗಂಟೆ ಕೊಡುವ ಶಿಕ್ಷಕರನ್ನು ಮೊದಲೇ ಗೊತ್ತು ಮಾಡಿಟ್ಟಿರಬೇಕು. ನೋಟ್‌ಬುಕ್ಕಿನಲ್ಲಿ ಅದರ ಹೆಸರಿನ ಎದುರು ಮರಳಿದ ತಾರೀಖು ಬರೆಯಿರಿ. ನಿಮಗೆ ವರ್ಗಾವಣೆಯಾದ ದಿನ ಕುರ್ಚಿ, ಮೇಜು, ಅಕ್ಕಿ ಚೀಲಗಳ ಜೊತೆಗೆ ಆ ನೋಟ್‌ಬುಕ್ಕನ್ನೂ ಪ್ರಭಾರ ಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿಸಿ, ಬರುವವರ ಸಹಿ ಪಡೆದು ಕೊಡಿ.